ಮೂರು ಖಾಲಿ ಮನೆ, ಒಂದು ಬಾಕಿ ಬಾಡಿಗೆ: ತುಮಕೂರು ರಸ್ತೆಯ ಕಟ್ಟಡವೊಂದರ ಪ್ರಕರಣ

2025ರ ಫೆಬ್ರವರಿಯಲ್ಲಿ ನಮ್ಮ ಸೋದರಮಾವ ಬೀಗದ ಕೈ ಗೊಂಚಲು ತಂದು ನನ್ನ ಮೇಜಿನ ಮೇಲಿಟ್ಟರು. "ನೀನೇ ನೋಡ್ಕೊಳಪ್ಪ, ನನ್ನ ಕೈಲಾಗಲ್ಲ" ಎಂದರು. ಅವರಿರುವುದು ತಿಪಟೂರಿನಲ್ಲಿ. ಕಟ್ಟಡ ಇರುವುದು ಬೆಂಗಳೂರಿನ ತುಮಕೂರು ರಸ್ತೆಯಲ್ಲಿ, ಚಿಕ್ಕಬಿದರಕಲ್ಲು ಮೆಟ್ರೋ ನಿಲ್ದಾಣದಿಂದ ನಡೆದರೆ ಹದಿನೈದು ನಿಮಿಷ. ಮೂವತ್ತು ನಲವತ್ತರ ಸೈಟು. ಕೆಳಗೆ ಬೈಕ್ ನಿಲ್ಲಿಸುವ ಜಾಗ ಮತ್ತು ಒಂದು ಸಿಂಗಲ್ ರೂಮು. ಮೇಲಿನ ಎರಡು ಮಹಡಿಯಲ್ಲಿ ಒಂದೊಂದು ಬೆಡ್‌ರೂಮಿನ ನಾಲ್ಕು ಪೋರ್ಶನ್. 2013ರಲ್ಲಿ ಮಾವ ರಿಟೈರ್ ಆದ ದುಡ್ಡಿನಲ್ಲಿ ಕಟ್ಟಿಸಿದ್ದು.

ಐದರಲ್ಲಿ ಮೂರು ಖಾಲಿ. ಸಿಂಗಲ್ ರೂಮು, ಮೊದಲ ಮಹಡಿಯ ಮುಂದಿನದು, ಎರಡನೇ ಮಹಡಿಯ ಹಿಂದಿನದು. ಎರಡನೇ ಮಹಡಿಯ ಮುಂದಿನದರಲ್ಲಿ ಒಬ್ಬ ಲೇಬರ್ ಕಾಂಟ್ರ್ಯಾಕ್ಟರ್ ಇದ್ದ. ಮನೆ ಅವನ ಹೆಸರಿನಲ್ಲಿ, ಇರುತ್ತಿದ್ದವರು ಶಿಫ್ಟಿನ ಮೇಲೆ ಬಂದು ಹೋಗುವ ಏಳೆಂಟು ಹುಡುಗರು. ನಾಲ್ಕು ತಿಂಗಳ ಬಾಡಿಗೆ ಬಾಕಿ. ಸರಿಯಾಗಿ ಬಾಡಿಗೆ ಕೊಡುತ್ತಿದ್ದದ್ದು ಮೊದಲ ಮಹಡಿಯ ಹಿಂದಿನ ಪೋರ್ಶನ್ ಮಾತ್ರ. ಗಾರ್ಮೆಂಟ್ಸ್‌ನಲ್ಲಿ ಲೈನ್ ಸೂಪರ್‌ವೈಸರ್ ಆಗಿದ್ದ ಒಬ್ಬ ಅಕ್ಕ, ಪೀಣ್ಯದಲ್ಲಿ ಲೇತ್ ಮಿಷನ್ ನೋಡುವ ಅವರ ಗಂಡ, ಒಬ್ಬಳು ಮಗಳು. ತಿಂಗಳಿಗೆ 8,500. ಇಡೀ ಕಟ್ಟಡದಿಂದ ಕೈಗೆ ಬರುತ್ತಿದ್ದದ್ದು ಅಷ್ಟೇ.

ಮಾವನ ಲೆಕ್ಕ ಬೇರೆ ಇತ್ತು. ನಾಗಸಂದ್ರದ ಆಚೆಗಿನ ಮೆಟ್ರೋ ಕೆಲಸ ವರ್ಷಗಟ್ಟಲೆ ಎಳೆದಿತ್ತು. "ಮೆಟ್ರೋ ಒಂದು ಬರಲಿ, ಜನ ಕ್ಯೂ ನಿಲ್ತಾರೆ" ಅನ್ನುತ್ತಿದ್ದರು. 2024ರ ನವೆಂಬರ್ 7ಕ್ಕೆ ಮಾದಾವರದವರೆಗೆ ರೈಲು ಓಡಿತು. ಆ ವಾರವೇ ಮಾವ ಬಾಡಿಗೆಯನ್ನು 9,500ರಿಂದ 12,000ಕ್ಕೆ ಏರಿಸಿದರು. ಯಾರೂ ಕ್ಯೂ ನಿಲ್ಲಲಿಲ್ಲ. ಸಂಕ್ರಾಂತಿ ಹೋಯಿತು. ಫೆಬ್ರವರಿ 9ಕ್ಕೆ ಮೆಟ್ರೋ ದರವೇ ಏರಿತು, ಗರಿಷ್ಠ ಟಿಕೆಟ್ 60ರಿಂದ 90ಕ್ಕೆ. ಮನೆ ನೋಡಲು ಬಂದವರು ಬಾಡಿಗೆಯ ಜೊತೆ ಮೆಟ್ರೋ ಖರ್ಚನ್ನೂ ಕೂಡಿಸಿ ನೋಡುತ್ತಿದ್ದರು. ಮೆಟ್ರೋ ಬಂದಿತ್ತು ನಿಜ. ಆದರೆ ಅದೇ ರೈಲಿನಲ್ಲಿ ಇನ್ನೊಂದು ನಿಲ್ದಾಣ ಮುಂದೆ ಹೋದರೆ ಇನ್ನೊಂದು ಮನೆ ಸಿಗುತ್ತದೆ ಅನ್ನುವುದೂ ಜನರಿಗೆ ಗೊತ್ತಾಗಿತ್ತು.

ಮಾವನ ತೀರ್ಮಾನ ಮಾತ್ರ ಒಂದೇ: "ಈಗಿನ ಕಾಲದಲ್ಲಿ ಒಳ್ಳೆ ಬಾಡಿಗೆದಾರರು ಸಿಗಲ್ಲ."

ಏಳು ಗಂಟೆಯ ಮೆಟ್ಟಿಲು

ನಾನು ಮೊದಲು ಮಾಡಿದ ಕೆಲಸ ಹಿಂದಿನ ಪೋರ್ಶನ್ ಅಕ್ಕನ ಜೊತೆ ಕೂತು ಮಾತಾಡಿದ್ದು. ಖಾಲಿ ಮನೆಗಳ ಕೀ ಇರುತ್ತಿದ್ದದ್ದು ಅವರ ಹತ್ತಿರ. ನೋಡಲು ಬಂದವರಿಗೆಲ್ಲ ತೋರಿಸುತ್ತಿದ್ದವರು ಅವರೇ, ಅದೂ ಪುಕ್ಕಟೆ. ಮೂರು ವರ್ಷದಲ್ಲಿ ಯಾರೂ ಅವರನ್ನು ಏನೂ ಕೇಳಿರಲಿಲ್ಲ.

"ಬಂದೋರು ಮನೆ ಒಳಗೇ ಬರಲ್ಲ ಅಣ್ಣ. ಮೆಟ್ಟಿಲಲ್ಲೇ ವಾಪಸ್" ಎಂದರು.

ಹಗಲು ಹೊತ್ತಿನಲ್ಲಿ ನನಗೆ ಮೆಟ್ಟಿಲಲ್ಲಿ ಏನೂ ಕಂಡಿರಲಿಲ್ಲ. ಮಾರನೇ ದಿನ ಸಂಜೆ ಏಳಕ್ಕೆ ಹೋದೆ. ಕೆಲಸ ಮುಗಿಸಿ ಮನೆ ಹುಡುಕುವವರು ಬರುವ ಹೊತ್ತು ಅದು. ಗೇಟಿನ ಒಂದು ಹಿಂಜು ಬಿಟ್ಟುಹೋಗಿ ನೆಲ ಉಜ್ಜುತ್ತಿತ್ತು, ಅರ್ಧ ಮಾತ್ರ ತೆರೆಯುತ್ತಿತ್ತು. ಒಳಗೆ ಕತ್ತಲು. ಮೆಟ್ಟಿಲ ಬಲ್ಬು ಹೋಗಿ ಎಷ್ಟು ದಿನವಾಗಿತ್ತೋ, ಹೋಲ್ಡರ್‌ನಲ್ಲಿ ಜೇಡ ಮನೆ ಮಾಡಿತ್ತು. ಮೊಬೈಲ್ ಟಾರ್ಚ್ ಹಾಕಿದರೆ ಮೀಟರ್ ಬೋರ್ಡಿನ ಬಾಗಿಲು ಬಿದ್ದು ವೈರುಗಳೆಲ್ಲ ಹೊರಗೆ. ಲ್ಯಾಂಡಿಂಗ್‌ನಲ್ಲಿ ಹತ್ತು ಹನ್ನೆರಡು ಜೊತೆ ಚಪ್ಪಲಿ, ಮೂಲೆಯಲ್ಲಿ ಗುಟ್ಕಾ ಉಗಿದ ಕೆಂಪು. ಅದರ ಮೇಲೆ ಬಚ್ಚಲ ವಾಸನೆ. ಯಾರದೋ ಒಬ್ಬರ ಮನೆಯದಲ್ಲ, ಕಟ್ಟಡವೇ ಬಾಯಿ ತೆರೆದು ಉಸಿರು ಬಿಟ್ಟ ಹಾಗೆ.

ಹೆಂಡತಿ, ಮಗು ಜೊತೆ ಬಂದವನು ಈ ಮೆಟ್ಟಿಲು ಹತ್ತುತ್ತಾನಾ? ಹತ್ತುವುದಿಲ್ಲ. ಹತ್ತುವವನು ಯಾರು? ಮೆಟ್ಟಿಲು ಹೇಗಿದ್ದರೇನು ಅನ್ನುವವನು. ಅವನೇ ಮಾವನಿಗೆ ಸಿಗುತ್ತಿದ್ದದ್ದು. ಮಾವ ಬಾಡಿಗೆದಾರರನ್ನು ಆರಿಸುತ್ತಿದ್ದೇನೆ ಅಂದುಕೊಂಡಿದ್ದರು. ಅವರಿಗಿಂತ ಮೊದಲೇ ಕಟ್ಟಡ ಆರಿಸಿ, ಒಳ್ಳೆಯವರನ್ನು ವಾಪಸ್ ಕಳಿಸಿ, ಮಿಕ್ಕವರನ್ನು ಇವರ ಮುಂದೆ ನಿಲ್ಲಿಸುತ್ತಿತ್ತು.

ಇಳಿದು ಬರುವಾಗ ಗೇಟಿಗೆ ಕಟ್ಟಿದ್ದ ಟು ಲೆಟ್ ಬೋರ್ಡು ಓದಿದೆ. ಸಸ್ಯಾಹಾರಿಗಳಿಗೆ ಮಾತ್ರ. ಬ್ಯಾಚುಲರ್‌ಗಳಿಗೆ ಇಲ್ಲ. ಅಡ್ವಾನ್ಸ್ 1 ಲಕ್ಷ. ಕೆಳಗೆ ಫೋನ್ ನಂಬರು. ಕೊನೆಯ ಅಂಕಿ 1ಓ 7ಓ ಗೊತ್ತಾಗದ ಹಾಗೆ ಬಣ್ಣ ಹೋಗಿತ್ತು. 1 ಹಾಕಿದರೆ ಮಾವ ಎತ್ತುತ್ತಾರೆ, 7 ಹಾಕಿದರೆ ಚಾಲ್ತಿಯಲ್ಲಿಲ್ಲದ ನಂಬರು. ಎಷ್ಟು ಜನ 7 ಹಾಕಿದರೋ ದೇವರಿಗೇ ಗೊತ್ತು.

ಭೋಗ್ಯದ ಆಸೆ

ಇಷ್ಟರಲ್ಲಿ ಮಾವ ಇನ್ನೊಂದು ದಾರಿ ಹಿಡಿದಿದ್ದರು. ಮೂರು ಖಾಲಿ ಮನೆಯನ್ನೂ ಭೋಗ್ಯಕ್ಕೆ ಕೊಟ್ಟುಬಿಡೋಣ, ಒಂದೊಂದಕ್ಕೆ ಐದೈದು ಲಕ್ಷ ಬರುತ್ತದೆ, ಆ ದುಡ್ಡಿನಲ್ಲಿ ಮೇಲೆ ಮೂರನೇ ಮಹಡಿ ಎಬ್ಬಿಸೋಣ ಅಂತ. ನಮ್ಮಲ್ಲಿ ಇದು ಹೊಸತಲ್ಲ. ಭೋಗ್ಯ ಅಥವಾ ಲೀಸ್ ಅಂದರೆ ತಿಂಗಳ ಬಾಡಿಗೆ ಇಲ್ಲ, ಒಂದೇ ಗಂಟು ಹಣ, ಅವಧಿ ಮುಗಿದ ಮೇಲೆ ಪೂರ್ತಿ ವಾಪಸ್. ಓನರ್‌ಗೆ ಬಡ್ಡಿ ಇಲ್ಲದ ಸಾಲ, ಇರುವವನಿಗೆ ಬಾಡಿಗೆ ಇಲ್ಲದ ಮನೆ.

ಪೇಪರ್ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಆದರೆ ಮಾವ 2019ರಲ್ಲಿ ಒಂದು ಮನೆಯನ್ನು ನಾಲ್ಕು ಲಕ್ಷಕ್ಕೆ ಹೀಗೇ ಕೊಟ್ಟಿದ್ದರು. ಆ ದುಡ್ಡು ಮಗಳ ಮದುವೆಗೆ ಹೋಯಿತು. 2022ರಲ್ಲಿ ಅವರು ಬಿಟ್ಟು ಹೋಗುವಾಗ ವಾಪಸ್ ಕೊಡಲು ಬಂಗಾರ ಅಡ ಇಡಬೇಕಾಯಿತು. ಈಗ ಹದಿನೈದು ಲಕ್ಷ ತಗೊಂಡು ಸಿಮೆಂಟಿಗೆ ಹಾಕಿದರೆ ಮೂರು ವರ್ಷದ ನಂತರ ಅದು ಎಲ್ಲಿಂದ ಬರಬೇಕು? ಇನ್ನೊಬ್ಬ ಭೋಗ್ಯದವನಿಂದ. ಅವನು ಸಿಗುವವರೆಗೆ ಹಳಬ ಏಳುವುದಿಲ್ಲ. ಇನ್ನೊಂದು ತೊಡಕೂ ಇದೆ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಕರಾರನ್ನು 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಮಾಡಿಸಬೇಕು. ನಾವೆಲ್ಲ 11 ತಿಂಗಳ ಅಗ್ರಿಮೆಂಟ್ ಮಾಡಿಕೊಳ್ಳುವುದು ಇದನ್ನು ತಪ್ಪಿಸಲಿಕ್ಕೇ. ಬಾಡಿಗೆಗೆ ಅದು ನಡೆಯುತ್ತದೆ. ಐದು ಲಕ್ಷ ಕೊಟ್ಟು ಮೂರು ವರ್ಷ ಇರುವವನ ಕೈಯಲ್ಲಿ 11 ತಿಂಗಳ ಪೇಪರು ಇಡುವುದು ನನಗೆ ಸರಿ ಕಾಣಲಿಲ್ಲ.

ಮಾವನಿಗೆ ಒಂದೇ ಒಂದು ಲೆಕ್ಕ ಬರೆದು ತೋರಿಸಿದೆ. 9,500ರ ಬದಲು 12,000 ಸಿಕ್ಕರೆ ವರ್ಷಕ್ಕೆ ಜಾಸ್ತಿ ಬರುವುದು 30,000. 9,500ರ ಮನೆ ಮೂರು ತಿಂಗಳು ಖಾಲಿ ಬಿದ್ದರೆ ಹೋಗುವುದು 28,500. ಅವರು ಸುಮಾರು ಹೊತ್ತು ಆ ಚೀಟಿ ನೋಡಿದರು. "ಮೇ ತನಕ ಟೈಮ್ ಕೊಡ್ತೀನಿ" ಎಂದರು.

ಮೇ ಅಂದದ್ದಕ್ಕೆ ಕಾರಣ ಇದೆ. ಸಂಸಾರಸ್ಥರು ಮನೆ ಬದಲಾಯಿಸುವುದು ಪರೀಕ್ಷೆ ಮುಗಿದ ಮೇಲೆ, ಶಾಲೆ ಶುರುವಾಗುವ ಮುಂಚೆ. ಜೂನ್ ಕೊನೆಗೆ ಆಷಾಢ ಬಂದರೆ ಯಾರೂ ಹಾಲುಕ್ಕಿಸುವುದಿಲ್ಲ. ಆ ಎರಡು ತಿಂಗಳು ತಪ್ಪಿದರೆ ಶ್ರಾವಣದವರೆಗೆ ಕಾಯಬೇಕು.

ಕಾಂಟ್ರ್ಯಾಕ್ಟರ್

ಅವನನ್ನು ಎಬ್ಬಿಸದೆ ಏನೂ ಆಗುವಂತಿರಲಿಲ್ಲ. ಮಾವನ ಸಲಹೆ: ನೀರು ಬಂದ್ ಮಾಡು, ಕರೆಂಟ್ ಫ್ಯೂಸ್ ಕಿತ್ತುಹಾಕು. ಅದು ತಪ್ಪು, ಜೊತೆಗೆ ನಮ್ಮನ್ನೇ ಠಾಣೆ ಮೆಟ್ಟಿಲು ಹತ್ತಿಸುವ ಕೆಲಸ. ಕೋರ್ಟಿಗೆ ಹೋದರೆ ಎಷ್ಟು ವರ್ಷವೋ. ಕರ್ನಾಟಕದ 1999ರ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500ಕ್ಕಿಂತ ಹೆಚ್ಚು ಬಾಡಿಗೆಯ ಮನೆಗೆ ಅನ್ವಯಿಸುವುದಿಲ್ಲ. ಇವತ್ತು ಆ ಮಿತಿಯೊಳಗೆ ಯಾವ ಮನೆ ಇದೆ ಹೇಳಿ! ಹಾಗಾಗಿ ನಮ್ಮಂಥವರಿಗೆ ಉಳಿಯುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅದರ ಪ್ರಕಾರ ತಿಂಗಳ ಬಾಡಿಗೆಗೆ 15 ದಿನದ ನೋಟಿಸು.

ನೋಟಿಸು ಕೊಟ್ಟೆ. ಆದರೆ ಕೈಯಲ್ಲೇ ಕೊಟ್ಟು, ಟೀ ಕುಡಿಸಿ ಮಾತಾಡಿದೆ. ಆಗ ಗೊತ್ತಾಯಿತು. ಅವನು ಬಾಡಿಗೆ ನಿಲ್ಲಿಸಿದ್ದೇ ಅಡ್ವಾನ್ಸ್ ವಾಪಸ್ ಬರುವುದಿಲ್ಲ ಅನ್ನುವ ಭಯದಿಂದ. 60,000 ಕೊಟ್ಟಿದ್ದ. ಮೊದಲು ಬಿಟ್ಟುಹೋದವರಿಗೆ ಮಾವ ಪೇಂಟಿಂಗು, ರಿಪೇರಿ ಅಂತ ಹಿಡಿದುಕೊಂಡದ್ದನ್ನು ಕೇಳಿದ್ದ. ಅದಕ್ಕೇ ಕೂತಲ್ಲೇ ತಿಂದು ಮುಗಿಸುತ್ತಿದ್ದ. ನಾಲ್ಕು ತಿಂಗಳ ಬಾಕಿ 36,000 ಕಳೆದರೆ 24,000 ಅವನಿಗೇ ಬರಬೇಕು. ಆ ದುಡ್ಡು ಮಾವನ ಹತ್ತಿರ ಎಲ್ಲಿತ್ತು? ಯಾವತ್ತೋ ಖರ್ಚಾಗಿತ್ತು. ನಮ್ಮ ಕಡೆ ಎಷ್ಟೋ ಓನರ್‌ಗಳ ಕಥೆ ಇದೇ. ಅಡ್ವಾನ್ಸ್ ಅನ್ನುವುದು ಬೇರೆಯವರ ದುಡ್ಡು ಅನ್ನುವುದು ವಾಪಸ್ ಕೊಡುವ ದಿನವೇ ನೆನಪಾಗುವುದು.

ನಾನು ಹೇಳಿದೆ: ಮಾರ್ಚ್ 31ಕ್ಕೆ ಕೀ ಕೊಡು. ಮಾರ್ಚ್ ಬಾಡಿಗೆ ಬಿಟ್ಟೆ. ಕೀ ಕೊಟ್ಟ ಕೈಗೇ 24,000, ಪೇಂಟಿಂಗ್ ಅಂತ ಒಂದು ರೂಪಾಯಿ ಮುರಿಯುವುದಿಲ್ಲ. ಅವನು ನಂಬಲಿಲ್ಲ. ಬರೆದು ಸಹಿ ಹಾಕಿ ಕೊಟ್ಟೆ. 31ಕ್ಕೆ ಸಂಜೆ ಖಾಲಿ ಮಾಡಿದ. ಹೋಗುವಾಗ ಮನೆ ಗುಡಿಸಿ ಹೋಗಿದ್ದ, ಅದೊಂದು ಆಶ್ಚರ್ಯ.

ಬಚ್ಚಲ ಒಳಗೆ

ಬ್ರೋಕರ್ ಒಬ್ಬರು ಬಂದು ನೋಡಿ, ಮಾಡ್ಯುಲರ್ ಕಿಚನ್ ಹಾಕಿಸಿ, ವಾರ್ಡ್‌ರೋಬ್ ಮಾಡಿಸಿ, 14,000ಕ್ಕೆ ನಾನು ಕೊಡಿಸುತ್ತೇನೆ ಎಂದರು. ಮನೆಗೆ ಮೂರು ಲಕ್ಷದ ಮಾತು. ಬಚ್ಚಲ ವಾಸನೆ ಬರುವ ಮನೆಗೆ ಮಾಡ್ಯುಲರ್ ಕಿಚನ್ ಹಾಕಿಸುವುದು, ಸ್ನಾನ ಮಾಡದೆ ಸೆಂಟು ಹಾಕಿಕೊಂಡ ಹಾಗೆ. ಬೇಡ ಎಂದೆ.

ಪ್ಲಂಬರ್ ಕರೆಸಿದೆ. ಅರವತ್ತು ದಾಟಿದ ಮನುಷ್ಯ, ಮಾತು ಕಡಿಮೆ. ಮೊದಲ ಮಹಡಿಯ ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತು ಜಾಲರಿ ಎತ್ತಿದರು. ಕೈ ಬಿಟ್ಟು ಎಳೆದರೆ ಕೂದಲ ಉಂಡೆ, ಶಾಂಪೂ ಸ್ಯಾಶೆ, ಒಂದು ಬಾಟಲಿ ಮುಚ್ಚಳ. ಅದೆಲ್ಲ ತೆಗೆದ ಮೇಲೆ ಟಾರ್ಚ್ ಬಿಟ್ಟು ನೋಡಿ, "ಟ್ರ್ಯಾಪೇ ಇಲ್ವಲ್ರೀ" ಎಂದರು. ಬಚ್ಚಲ ನೀರು ಹೋಗುವ ತೂತಿನ ಕೆಳಗೆ ನಹಾನಿ ಟ್ರ್ಯಾಪ್ ಅಂತ ಒಂದು ಬಟ್ಟಲು ಇರಬೇಕು. ಅದರಲ್ಲಿ ಸದಾ ಎರಡು ಇಂಚು ನೀರು ನಿಂತಿರುತ್ತದೆ. ಆ ನೀರೇ ಬಾಗಿಲು. ಒಳಚರಂಡಿಯ ಗಾಳಿ, ಜಿರಲೆ ಮೇಲೆ ಬರದ ಹಾಗೆ ತಡೆಯುವುದು ಅದು. ಕಟ್ಟಿಸುವಾಗ ಮೇಸ್ತ್ರಿ ದುಡ್ಡು ಉಳಿಸಲು ಪೈಪಿಗೆ ನೇರವಾಗಿ ಜಾಲರಿ ಕೂರಿಸಿಬಿಟ್ಟಿದ್ದ. ಹನ್ನೆರಡು ವರ್ಷದಿಂದ ಬಾಡಿಗೆದಾರರು ಫಿನಾಯಿಲ್ ಸುರಿದು ಸುರಿದು ಸಾಕಾಗಿದ್ದರು. ಮಾವ ಅವರನ್ನು "ಕ್ಲೀನ್ ಇಟ್ಟುಕೊಳ್ಳದ ಜನ" ಎಂದು ಬೈಯುತ್ತಿದ್ದರು.

ನಾಲ್ಕು ಮನೆಯ ಬಚ್ಚಲನ್ನೂ ಒಡೆಸಿ ಟ್ರ್ಯಾಪ್ ಹಾಕಿಸಿ, ಇಳಿಜಾರು ಸರಿ ಮಾಡಿಸಿ, ಹೊಸ ಟೈಲ್ಸ್ ಕೂರಿಸಿದ್ದಕ್ಕೆ ಒಂದೊಂದಕ್ಕೆ 11,000 ಆಯಿತು. ಹಿಂದಿನ ಪೋರ್ಶನ್ ಅಕ್ಕನ ಮನೆಯದನ್ನೇ ಮೊದಲು ಮಾಡಿಸಿದೆ. ಖಾಲಿ ಮನೆ ಸಿಂಗರಿಸಿ, ಇರುವವರನ್ನು ವಾಸನೆಯಲ್ಲಿ ಬಿಟ್ಟರೆ ಅವರೇ ಮೊದಲು ಎದ್ದು ಹೋಗುತ್ತಾರೆ, ಅಲ್ವಾ?

ಮಿಕ್ಕಿದ್ದು ಬೇಗ ಹೇಳಿಬಿಡುತ್ತೇನೆ. ಗೇಟು, ಮೆಟ್ಟಿಲು, ಸುಣ್ಣಬಣ್ಣ, ತಾನೇ ಹತ್ತಿ ಆರುವ ಮೆಟ್ಟಿಲ ಲೈಟು ಸೇರಿ 38,000. ತಾರಸಿ ಸೋರುತ್ತಿದ್ದದ್ದಕ್ಕೆ 32,000. ವೈರಿಂಗ್, ಮೀಟರ್ ಬೋರ್ಡಿಗೆ ಬಾಗಿಲು, ವಾಷಿಂಗ್ ಮಿಷನ್‌ಗೆ ಒಂದೊಂದು ಪಾಯಿಂಟು 14,000. ಕಿಟಕಿಗಳಿಗೆಲ್ಲ ಸೊಳ್ಳೆ ಜಾಲರಿ 9,500. ಈ ಕೊನೆಯದರಷ್ಟು ಕೆಲಸಕ್ಕೆ ಬಂದ ದುಡ್ಡು ಇನ್ನೊಂದಿಲ್ಲ. ಮನೆ ನೋಡಲು ಬಂದ ಹೆಂಗಸರೆಲ್ಲ ಮೊದಲು ಮುಟ್ಟಿ ನೋಡಿದ್ದು ಆ ಜಾಲರಿ.

ನೀರು ಮತ್ತು ಕರೆಂಟು

ನಮ್ಮ ಬೀದಿಗೆ ಕಾವೇರಿ ಇಲ್ಲ. ಬೋರ್‌ವೆಲ್ ಇದೆ, ಬೇಸಿಗೆಯಲ್ಲಿ ನಂಬುವ ಹಾಗಿಲ್ಲ. 2024ರ ಮಾರ್ಚ್‌ನಲ್ಲಿ ಊರಿಗೆಲ್ಲ ನೀರಿನ ಬರ ಬಂದಾಗ ನಮ್ಮದೂ ಬತ್ತಿತ್ತು. ಆಗ ಜಿಲ್ಲಾಡಳಿತ 6,000 ಲೀಟರ್ ಟ್ಯಾಂಕರಿಗೆ 5 ಕಿ.ಮೀ. ಒಳಗೆ 600 ರೂಪಾಯಿ ಅಂತ ದರ ಕಟ್ಟಿತು. ನಮಗೆ ಆ ದರಕ್ಕೆ ಯಾರೂ ತಂದು ಹಾಕಲಿಲ್ಲ, ಅದು ಬೇರೆ ಮಾತು. ಎರಡನೇ ಮಹಡಿಯ ಹಿಂದಿನವರು ಖಾಲಿ ಮಾಡಿದ್ದು ಆ ತಿಂಗಳೇ. ಮಾವ ನೀರಿನ ವಿಷಯ ಯಾರಿಗೂ ಮೊದಲೇ ಹೇಳುತ್ತಿರಲಿಲ್ಲ. "ನೀರಿಗೇನು ತೊಂದರೆ ಇಲ್ಲ" ಅನ್ನುತ್ತಿದ್ದರು. ಬಂದವರಿಗೆ ಮೊದಲ ಬೇಸಿಗೆಯಲ್ಲೇ ಗೊತ್ತಾಗುತ್ತಿತ್ತು.

ನಾನು ಉಲ್ಟಾ ಮಾಡಿದೆ. ಬಾಗಿಲು ತೆರೆಯುವ ಮುಂಚೆಯೇ ಹೇಳುತ್ತಿದ್ದೆ: ಕಾವೇರಿ ಇಲ್ಲ, ಬೋರ್ ನೀರು, ಗಡಸು ಇದೆ, ಸ್ನಾನಕ್ಕೆ ಬಟ್ಟೆಗೆ ಸರಿ, ಕುಡಿಯಲು ಆಗುವುದಿಲ್ಲ. ಪಕ್ಕದ ಬೀದಿಯಲ್ಲಿ ಐದು ರೂಪಾಯಿ ಹಾಕಿದರೆ ಒಂದು ಕ್ಯಾನ್ ಶುದ್ಧ ನೀರು ಸಿಗುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್ ಹಾಕಿಸಬೇಕು. ತಿಂಗಳಿಗೆ ಎರಡು ಟ್ಯಾಂಕರ್ ನನ್ನ ಖರ್ಚು, ಅದರ ಮೇಲಿನದು ಎಲ್ಲರೂ ಹಂಚಿಕೊಳ್ಳಬೇಕು. ಇದನ್ನು ಕೇಳಿ ಅಲ್ಲಿಂದಲೇ ಹೋದವರು ನಾಲ್ಕೈದು ಜನ. ಹೋಗಲಿ. ಅವರು ಬಂದಿದ್ದರೂ ಏಪ್ರಿಲ್‌ನಲ್ಲಿ ಹೋಗುತ್ತಿದ್ದರು.

ಕರೆಂಟಿನದು ನಾನು ಎಣಿಸಿರದ ಸಮಸ್ಯೆ. ಗೃಹಜ್ಯೋತಿ ಬಂದ ಮೇಲೆ, ಅಂದರೆ 2023ರ ನಂತರ, ಬಾಡಿಗೆದಾರರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: "ಫ್ರೀ ಕರೆಂಟ್ ನಮಗೆ ಬರುತ್ತಾ?" ಯೋಜನೆ ಬಾಡಿಗೆದಾರರಿಗೂ ಇದೆ, ಆದರೆ ಆ ಮೀಟರಿನ ಆರ್‌ಆರ್ ನಂಬರಿಗೆ, ಅಂದರೆ ಬಿಲ್ಲಿನ ಮೇಲಿರುವ ಸಂಪರ್ಕದ ನಂಬರಿಗೆ, ಅವರ ಆಧಾರ್ ಜೋಡಣೆ ಆಗಬೇಕು. ಮೊದಲ ಮಹಡಿಯ ಮುಂದಿನ ಮನೆಯ ಮೀಟರಿಗೆ ಒಂದೂವರೆ ವರ್ಷದ ಹಿಂದೆ ಹೋದವರ ಆಧಾರ್ ಇನ್ನೂ ಅಂಟಿಕೊಂಡಿತ್ತು. ಸೇವಾಸಿಂಧುವಿನಲ್ಲಿ ಡಿ-ಲಿಂಕ್ ಮಾಡಲು ಅವರ ಫೋನಿಗೇ ಓಟಿಪಿ ಹೋಗುತ್ತದೆ.

ಫೋನ್ ಮಾಡಿದೆ. ಹೆಸರು ಹೇಳಿದ ತಕ್ಷಣ ಕಟ್ ಮಾಡಿದರು. ಎರಡನೇ ಸಲವೂ ಅಷ್ಟೇ. ಹಿಂದಿನ ಪೋರ್ಶನ್ ಅಕ್ಕನನ್ನು ಕೇಳಿದರೆ, ಹೋಗುವಾಗ ಮಾವ ಪೇಂಟಿಂಗ್ ಅಂತ 9,000 ಹಿಡಿದುಕೊಂಡಿದ್ದರಂತೆ. ಗೋಡೆ ಹಾಳಾಗಿದ್ದು ಸೋರುವ ತಾರಸಿಯಿಂದ ಇಳಿದ ತೇವಕ್ಕೆ, ಅವರಿಂದಲ್ಲ. 6,000 ವಾಪಸ್ ಹಾಕುತ್ತೇನೆ ಅಂತ ಮೆಸೇಜ್ ಕಳಿಸಿ, ಅವರ ನಂಬರಿಗೆ ಹಾಕಿದೆ. ಅರ್ಧ ಗಂಟೆಗೆ ಅವರೇ ಫೋನ್ ಮಾಡಿದರು. ಮಾತಾಡುತ್ತಾ ಗೊತ್ತಾಯಿತು, ಹಳೇ ಮೀಟರಿಗೆ ಆಧಾರ್ ಸಿಕ್ಕಿಹಾಕಿಕೊಂಡಿದ್ದರಿಂದ ಅವರ ಹೊಸ ಮನೆಯಲ್ಲೂ ಫ್ರೀ ಕರೆಂಟ್ ಸಿಕ್ಕಿರಲಿಲ್ಲ. ಅಷ್ಟು ದಿನ ಸುಮ್ನೆ ಬಿಲ್ ಕಟ್ಟಿದ್ದರು. ಓಟಿಪಿ ಹೇಳಿದರು. ಎರಡು ಮನೆಗೂ ಒಳ್ಳೆಯದಾಯಿತು.

ಸಿಂಗಲ್ ರೂಮಿಗೆ ಮಾತ್ರ ಸ್ವಂತ ಮೀಟರ್ ಇರಲಿಲ್ಲ. ಹೊಸದು ಹಾಕಿಸೋಣವೆಂದರೆ, 2024ರ ಡಿಸೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಸ್ವಾಧೀನ ಪತ್ರ (ಓಸಿ, ಅಂದರೆ ನಕ್ಷೆ ಪ್ರಕಾರ ಕಟ್ಟಿದೆ, ವಾಸಕ್ಕೆ ಸರಿ ಇದೆ ಅಂತ ಕೊಡುವ ಪತ್ರ) ಇಲ್ಲದ ಕಟ್ಟಡಕ್ಕೆ ಹೊಸ ಸಂಪರ್ಕ ಸಿಗುವುದು ಕಷ್ಟವಾಗಿತ್ತು. ಮಾವನ ಹತ್ತಿರ ಆ ಪತ್ರ ಇಲ್ಲ. ಕರೆಂಟ್ ಸೇರಿಸಿಯೇ 6,500 ಎಂದು ಬಾಡಿಗೆ ಇಟ್ಟೆ.

ಬೋರ್ಡು ಬದಲಾದದ್ದು

ಬಾಡಿಗೆ 10,000ಕ್ಕೆ ನಿಲ್ಲಿಸಿದೆ. ಅಡ್ವಾನ್ಸ್ 1 ಲಕ್ಷದಿಂದ 40,000ಕ್ಕೆ ಇಳಿಸಿದೆ. ಮಾವನಿಗೆ ಬಾಡಿಗೆಗಿಂತ ಇದೇ ನುಂಗಲಾರದ ತುತ್ತಾಗಿದ್ದು. "ಹತ್ತು ತಿಂಗಳ ಅಡ್ವಾನ್ಸ್ ಬೆಂಗಳೂರಿನ ಪದ್ಧತಿ" ಎಂದರು. ಪದ್ಧತಿ ಇರಬಹುದು. ಆದರೆ ಒಂದೇ ಸಲ ಒಂದು ಲಕ್ಷ ನಗದು ಎಣಿಸುವವರು ಯಾರು? ನಮ್ಮ ಬೀದಿಯ ಮಟ್ಟಿಗೆ ಕಾಂಟ್ರ್ಯಾಕ್ಟರು, ಚೀಟಿ ವ್ಯವಹಾರದವರು. ತಿಂಗಳ ಸಂಬಳ ಬ್ಯಾಂಕಿಗೆ ಬರುವ, ಪಿಎಫ್ ಕಟ್ಟುವ, ಐದನೇ ತಾರೀಖಿಗೆ ಸರಿಯಾಗಿ ಬಾಡಿಗೆ ಹಾಕುವ ಜನರ ಹತ್ತಿರ ಇಲ್ಲದೇ ಇರುವುದೇ ಆ ಒಂದು ಲಕ್ಷದ ಗಂಟು. ರಕ್ಷಣೆಗೆ ಅಂತ ಇಟ್ಟ ಗೋಡೆ ಒಳ್ಳೆಯವರನ್ನೇ ಹೊರಗಿಟ್ಟಿತ್ತು. ಬಂದ ಅಡ್ವಾನ್ಸನ್ನೆಲ್ಲ ಬೇರೆ ಖಾತೆಗೆ ಹಾಕಿದೆ. ಮಾವನಿಗೆ ಅದರ ಪಾಸ್‌ಬುಕ್ ತೋರಿಸಿದ್ದೇನೆ, ಎಟಿಎಂ ಕಾರ್ಡ್ ಕೊಟ್ಟಿಲ್ಲ.

"ಸಸ್ಯಾಹಾರಿಗಳಿಗೆ ಮಾತ್ರ" ಅನ್ನುವುದನ್ನು ತೆಗೆಯುವಾಗ ಜಗಳವೇ ಆಯಿತು. ಪೀಣ್ಯದ ಸುತ್ತ ದುಡಿಯುವವರ ನಡುವೆ ಮನೆ ಕಟ್ಟಿಸಿ ಈ ಸಾಲು ಬರೆದರೆ ಮನೆ ನೋಡಲು ಬರುವವರಲ್ಲಿ ಮುಕ್ಕಾಲು ಪಾಲು ಅಲ್ಲೇ ಹೋದರು. ಹಿಂದಿನ ಪೋರ್ಶನ್ ಅಕ್ಕನ ಮನೆಯಲ್ಲಿ ಪ್ರತಿ ಭಾನುವಾರ ಕೋಳಿ ಸಾರು. ಮೂರು ವರ್ಷದಿಂದ ಮಾವ ಮೂಗು ಮುಚ್ಚಿಕೊಂಡಿದ್ದು ಬಾಡಿಗೆ ಸರಿಯಾಗಿ ಬರುತ್ತಿದ್ದುದಕ್ಕೆ. ಅದನ್ನು ನೆನಪಿಸಿದ ಮೇಲೆ ಸುಮ್ಮನಾದರು.

ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ ಕೊಡುವ ಬದಲು ಅಕ್ಕನಿಗೆ ಹೇಳಿದೆ: ನೀವು ಕರೆತಂದವರು ಸೇರಿದರೆ ಅರ್ಧ ತಿಂಗಳದ್ದು ನಿಮಗೆ. ಅವರ ಬಾಡಿಗೆಯನ್ನು ಏರಿಸಲೂ ಇಲ್ಲ. ಮೋಟರು ಹಾಕುವುದು, ಸಂಪು ನೋಡುವುದು, ಕೀ ಇಟ್ಟುಕೊಳ್ಳುವುದು ಅವರ ಕೆಲಸ.

ಏಪ್ರಿಲ್‌ನಲ್ಲಿ ಮೊದಲು ಬಂದವರು ಇಬ್ಬರು ನರ್ಸ್‌ಗಳು. ಹಾಸನ ಕಡೆಯ ಹುಡುಗಿಯರು. ಮಾವನ ಹಳೆಯ ಬೋರ್ಡಿನ ಪ್ರಕಾರ ಬ್ಯಾಚುಲರ್, ಮಾಂಸಾಹಾರಿ, ಎರಡೂ. ಒಬ್ಬಳು ನಲ್ಲಿ ತಿರುಗಿಸಿ ನೀರಿನ ರಭಸ ನೋಡಿದಳು. ಇನ್ನೊಬ್ಬಳು ಹಿಂದಿನ ಮೂರು ತಿಂಗಳ ಕರೆಂಟ್ ಬಿಲ್ ಕೇಳಿದಳು, ನೈಟ್ ಡ್ಯೂಟಿ ಮುಗಿಸಿ ಬಂದಾಗ ಗೇಟಿನ ಬೀಗ ಯಾರು ತೆಗೆಯುತ್ತಾರೆ ಅಂತ ಕೇಳಿದಳು. ಆವತ್ತಿನಿಂದ ನನಗೊಂದು ಅಳತೆಗೋಲು ಸಿಕ್ಕಿತು. ತುಂಬಾ ಪ್ರಶ್ನೆ ಕೇಳುವವರು ಇರಲು ಬಂದವರು. "ಎಲ್ಲಾ ಓಕೆ ಸಾರ್, ಇವತ್ತೇ ಅಡ್ವಾನ್ಸ್ ಕೊಡ್ತೀನಿ" ಅನ್ನುವವರ ಹತ್ತಿರ ನಾನು ಇನ್ನೆರಡು ದಿನ ಬಿಟ್ಟು ಬನ್ನಿ ಅನ್ನುತ್ತೇನೆ. ಅವರು ಹೆಚ್ಚಾಗಿ ಬರುವುದಿಲ್ಲ.

ಮೇ ತಿಂಗಳಲ್ಲಿ ಅಕ್ಕನ ಗಾರ್ಮೆಂಟ್ಸ್‌ನವರೇ ಒಂದು ಸಂಸಾರ ಬಂತು. ಅರ್ಧ ತಿಂಗಳ ಬಾಡಿಗೆ 5,000 ಕೊಟ್ಟರೆ ಅಕ್ಕ ಸಂಕೋಚಪಟ್ಟು ತಗೊಂಡರು, ಮಗಳ ಶಾಲೆ ಫೀಸಿಗೆ ಆಯಿತು. ಆ ತಿಂಗಳ ಮಧ್ಯದಲ್ಲಿ ಸಿಂಗಲ್ ರೂಮಿಗೆ ಪೀಣ್ಯದ ಒಬ್ಬ ಮಿಷನ್ ಆಪರೇಟರ್ ಹುಡುಗ. ಎಲ್ಲರಿಂದ ಕೆಲಸದ ಐಡಿ, ಆಧಾರ್ ನಕಲು ತಗೊಂಡು ವಿವರ ಠಾಣೆಗೆ ಕೊಟ್ಟೆ. ಅಗ್ರಿಮೆಂಟಿನಲ್ಲಿ ಒಂದು ಸಾಲು ಸೇರಿಸಿದೆ: ರಿಪೇರಿ ಹೇಳಿದ ಒಂದು ವಾರದಲ್ಲಿ ನಾನು ಮಾಡಿಸದಿದ್ದರೆ ಅವರೇ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಮಾವ ಹೌಹಾರಿದರು. ಹೆಚ್ಚುಕಡಿಮೆ ಇದೇ ಮಾತು 1882ರ ಆ ಕಾಯ್ದೆಯಲ್ಲೇ ಇದೆ, ನಾನು ಬರೆದು ಹೇಳಿದೆ ಅಷ್ಟೇ. ಇಲ್ಲಿಯವರೆಗೆ ಒಬ್ಬರು ಮಾತ್ರ ಉಪಯೋಗಿಸಿದ್ದಾರೆ, 350 ರೂಪಾಯಿಯ ನಲ್ಲಿಗೆ.

ನಾನು ಎಡವಿದ್ದು

ಜೂನ್ ಮೊದಲಲ್ಲಿ, ಆಷಾಢಕ್ಕೆ ಮುಂಚೆ, ಕಾಂಟ್ರ್ಯಾಕ್ಟರ್ ಬಿಟ್ಟ ಮನೆಗೆ ಒಂದು ಜೋಡಿ ಬಂತು. ಆತನಿಗೆ ಬ್ಯಾಂಕಿನಲ್ಲಿ ಕೆಲಸ, ಸೌಮ್ಯ ಮಾತು, ಸಸ್ಯಾಹಾರಿ. ಮಾವ ಫೋನಿನಲ್ಲೇ ಖುಷಿಯಾದರು. ನಾನೂ ಬೀಗಿದೆ. ಅವರಿಗೆ ಕಾರಿತ್ತು. ನಮ್ಮಲ್ಲಿ ಬೈಕ್ ಜಾಗ ಮಾತ್ರ. "ಬೀದಿಯಲ್ಲಿ ನಿಲ್ಲಿಸಿಕೊಳ್ತೀವಿ" ಎಂದರು, ನಾನು ತಲೆಯಾಡಿಸಿದೆ. ನೀರಿನ ವಿಷಯ ಅಷ್ಟು ಬಿಚ್ಚಿ ಹೇಳುತ್ತಿದ್ದವನು ಆ ಬೀದಿಯ ಪಾರ್ಕಿಂಗ್ ಜಗಳದ ವಿಷಯ ಹೇಳಲೇ ಇಲ್ಲ. ಒಳ್ಳೆ ಪಾರ್ಟಿ ಕೈತಪ್ಪಬಾರದಲ್ಲ ಅನ್ನುವ ಆಸೆ. ಎರಡನೇ ವಾರಕ್ಕೆ ಎದುರು ಮನೆಯವರ ಜೊತೆ ಮಾತು, ಒಂದು ತಿಂಗಳಿಗೆ ಕಾರಿನ ಮೈಗೆ ಗೀರು. ಆಗಸ್ಟ್ ಕೊನೆಗೆ ಬಿಟ್ಟರು. ಅವರ 40,000 ಅದೇ ದಿನ ಪೂರ್ತಿ ಕೊಟ್ಟೆ, ತಪ್ಪು ನನ್ನದೇ. ಸೆಪ್ಟೆಂಬರ್‌ನಲ್ಲಿ ಪಿತೃಪಕ್ಷ, ಯಾರೂ ಬರಲಿಲ್ಲ. ದಸರಾ ಮುಗಿದ ಮೇಲೆ ನರ್ಸ್‌ಗಳ ಆಸ್ಪತ್ರೆಯಲ್ಲೇ ಲ್ಯಾಬ್ ಟೆಕ್ನಿಷಿಯನ್ ಆಗಿದ್ದವರ ಸಂಸಾರ ಬಂತು. ಬೋರ್ಡು ಹಾಕಲೇ ಇಲ್ಲ.

ಒಟ್ಟು ಖರ್ಚು, ಕಾಂಟ್ರ್ಯಾಕ್ಟರಿಗೆ ಮತ್ತು ಹಳಬರಿಗೆ ಕೊಟ್ಟದ್ದೂ ಸೇರಿ, 1,67,500. ಎಲ್ಲ ತುಂಬಿದಾಗ ತಿಂಗಳಿಗೆ ಬರುವುದು 45,000, ಮೊದಲಿದ್ದ 8,500ರ ಜಾಗದಲ್ಲಿ. ಹೆಚ್ಚಿಗೆ ಬಂದದ್ದನ್ನೇ ಕೂಡಿಸಿದರೆ ಸೆಪ್ಟೆಂಬರ್ ಕೊನೆಗೆ ಹಾಕಿದ ದುಡ್ಡು ವಾಪಸ್. ಟ್ಯಾಂಕರ್ ಖರ್ಚು ಹಿಡಿದರೆ ದೀಪಾವಳಿ.

ನರ್ಸ್‌ಗಳ 11 ತಿಂಗಳು ಮುಗಿಯಿತು. ಮಾಮೂಲಿ ಶೇ. 5 ಏರಿಸಿದರೆ 10,500. ನಾನು 10,300ಕ್ಕೆ ಹೊಸ ಅಗ್ರಿಮೆಂಟ್ ಮಾಡಿದೆ. ಮಾವ ಫೋನ್ ಮಾಡಿ, ಪಕ್ಕದ ಕಟ್ಟಡದವರು 12,000ದ ಬೋರ್ಡು ಹಾಕಿದ್ದಾರಂತೆ, ನಾವ್ಯಾಕೆ ಬಿಟ್ಟುಕೊಡಬೇಕು ಎಂದರು. ಆ ಬೋರ್ಡು ಹಾಕಿ ಎಷ್ಟು ದಿನವಾಯಿತು ಅಂತ ಕೇಳಿದೆ. ಮೂರನೇ ಮಹಡಿಯ ಮಾತು ಮತ್ತೆ ತೆಗೆದರು.

ಅಷ್ಟರಲ್ಲಿ ಹಿಂದಿನ ಪೋರ್ಶನ್ ಅಕ್ಕನ ಕರೆ ಬಂತು. ಮೋಟರು ಹಾಕಿದರೆ ನೀರಿಗಿಂತ ಗಾಳಿ ಜಾಸ್ತಿ ಬರುತ್ತಿದೆಯಂತೆ. ಬೇಸಿಗೆ ಈ ಸಲ ಬೇಗ ಬಂದಿದೆ. ನಾಳೆ ಬೆಳಿಗ್ಗೆ ಆರಕ್ಕೆ ಟ್ಯಾಂಕರ್ ಹೇಳಿದ್ದೇನೆ.